ಕೀರ್ತಿರಾಜ್ ಹೇಳದೆ ಉಳಿಸಿಕೊಂಡದ್ದು

ಅರುಣ್‌ಕುಮಾರ್ ಸತ್ತ ಹದಿನಾಲ್ಕನೆಯ ದಿನ, ಅವನ ಗೆಳೆಯನೊಬ್ಬ ನಿಸರ್ಗಳನ್ನು ಹುಡುಕಿಕೊಂಡು ಹಾಸನದ ಆಸ್ಪತ್ರೆಗೆ ಬಂದ.

ಅವಳು ಆಗ ನೆಲಮಾಳಿಗೆಯ ಅಡುಗೆಮನೆಯಲ್ಲಿ ಗಂಜಿಯ ಡಬ್ಬಿಗಳಿಗೆ ರೋಗಿಗಳ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಹದಿನೈದು ದಿನದ ಹಿಂದೆ ಅವಳಿಗೆ ಮೇಲಿನ ಮಹಡಿಯಲ್ಲಿ ಸ್ವಂತ ಕೋಣೆಯಿತ್ತು. ಆಹಾರ ತಜ್ಞೆ ಎಂದು ಬಾಗಿಲ ಮೇಲೆ ಫಲಕವಿತ್ತು. ಅರುಣನ ಮನೆಯವರು ದೂರು ಕೊಟ್ಟ ಮೇಲೆ, ವಿಚಾರಣೆ ಮುಗಿಯುವ ತನಕ ರೋಗಿಗಳನ್ನು ನೋಡಬೇಡಿ ಎಂದು ಆಡಳಿತದವರು ಕೆಳಗೆ ಕಳಿಸಿದ್ದರು.

ಬಾಗಿಲಲ್ಲಿ ನಿಂತವನು ಎತ್ತರದ ಆಳು. ಬಿಸಿಲಿಗೆ ಸುಟ್ಟ ಮುಖ, ಒಳಗೆ ಹೋದ ಕಣ್ಣು. ಬಹಳ ಹೊತ್ತು ಅವಳನ್ನೇ ನೋಡಿದ.

"ಅರುಣಂಗೆ ಊಟದ ಚಾರ್ಟ್ ಬರ್ಕೊಟ್ಟೋರು ನೀವೇನಾ?"

ನಿಸರ್ಗಳ ಬೆರಳಿಗೆ ಚೀಟಿ ಅಂಟಿಕೊಂಡಿತು. ಇವನು ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದರೆ ಹೊಡೆಯಲಿ… ಒಬ್ಬರಾದರೂ ಎದುರಿಗೆ ಬಂದು ಕೇಳಿದರಲ್ಲ.

"ಹೌದು. ನಾನೇ."

ಅವನು ಗೋಡೆಗೆ ಕೈ ಕೊಟ್ಟು ನಿಂತ. ಆಮೇಲೆ, ಬೇರೇನನ್ನೋ ಹೇಳಲು ಬಂದವನು ದಾರಿ ತಪ್ಪಿದಂತೆ, ಮೆಲ್ಲಗೆ ಅಂದ:

"ನಂಗೂ ಒಂದು ಬರ್ಕೊಡಿ."

ಅವನ ಹೆಸರು ಕೀರ್ತಿರಾಜ್. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಡಿಸೆಂಬರಿನಲ್ಲಿ ಕಡಲ ತೀರದಲ್ಲಿ ನಡೆಯುವ ಟ್ರಯಥ್ಲಾನಿಗೆ ಅವನೂ ಅರುಣನೂ ಒಟ್ಟಿಗೆ ತಯಾರಾಗುತ್ತಿದ್ದರು. ಸುಮಾರು ನಾಲ್ಕು ಕಿಲೋಮೀಟರ್ ಈಜು, ಕೂಡಲೇ ನೂರ ಎಂಬತ್ತು ಕಿಲೋಮೀಟರ್ ಸೈಕಲ್, ಇಳಿದ ತಕ್ಷಣ ನಲವತ್ತೆರಡು ಕಿಲೋಮೀಟರ್ ಓಟ. ಎಲ್ಲವೂ ಒಂದೇ ದಿನ. ಅಷ್ಟು ಹೊತ್ತು ದುಡಿಯುವ ದೇಹಕ್ಕೆ ಯಾವ ಗಂಟೆಗೆ ಏನು ತಿನ್ನಿಸಬೇಕು, ಎಷ್ಟು ಕುಡಿಸಬೇಕು ಎಂದು ಕೇಳಿಕೊಂಡೇ ಫೆಬ್ರವರಿಯಲ್ಲಿ ಅರುಣ ನಿಸರ್ಗಳ ಬಳಿ ಬಂದಿದ್ದ. ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ, ಮೂವತ್ತೆರಡು ವರ್ಷದ ನಗುಮೊಗದವನು. ಅವಳು ಎರಡು ಪುಟ ಬರೆದುಕೊಟ್ಟಿದ್ದಳು.

ಏಪ್ರಿಲ್‌ನ ಒಂದು ಭಾನುವಾರ ಇಬ್ಬರೂ ನೂರ ನಲವತ್ತು ಕಿಲೋಮೀಟರ್ ಸೈಕಲ್ ತುಳಿದು ಓಟಕ್ಕಿಳಿದಿದ್ದರು. ಶಾಂತಿಗ್ರಾಮದ ಹತ್ತಿರ ಅರುಣ ಏನೇನೋ ಮಾತಾಡತೊಡಗಿದ, ಫಿಟ್ಸ್ ಬಂದು ಬಿದ್ದ. ಎರಡನೇ ದಿನ ತೀರಿಕೊಂಡ. ಅತಿಯಾಗಿ ನೀರು ಕುಡಿದು ರಕ್ತದಲ್ಲಿ ಉಪ್ಪು ಇಳಿದುಹೋಗಿತ್ತು, ಮೆದುಳು ಊದಿಕೊಂಡಿತ್ತು ಎಂದರು ಡಾಕ್ಟರು.

ಉಪ್ಪಿನ ನೀರನ್ನು ಗಂಟೆಗೊಮ್ಮೆ ಕುಡಿಯಬೇಕು, ಬರೀ ನೀರನ್ನು ಮಿತಿಯಲ್ಲಿಡಬೇಕು ಎಂದು ನಿಸರ್ಗ ಬರೆದಿದ್ದಳು. ಆದರೆ ಇಂಗ್ಲಿಷಿನಲ್ಲಿ ಬರೆದಿದ್ದಳು, ಅವಸರದಲ್ಲಿ, ಅರ್ಧಂಬರ್ಧ ಪದಗಳಲ್ಲಿ. ಆ ಹಾಳೆಯ ಪ್ರತಿಯನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದಳು. ಅವನಿಗೆ ಅರ್ಥವಾಗಿತ್ತಾ? ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ…?

ಅದನ್ನೇ ಆ ದಿನ ಕೀರ್ತಿರಾಜನನ್ನು ಕೇಳಿದಳು.

ಅವನು ನೆಲ ನೋಡಿದ. "ಗೊತ್ತಿಲ್ಲ ಮೇಡಂ."

ಆ ಎರಡು ಪದ ಅವಳ ಮೇಲೆ ಕಲ್ಲಿನಂತೆ ಕೂತವು.

ರೋಗಿಗಳನ್ನು ನೋಡುವಂತಿಲ್ಲ ಎಂದು ಅವಳು ಹೇಳಿ ಕಳಿಸಬಹುದಿತ್ತು. ಹೇಳಲಿಲ್ಲ. ರೋಗಿಯಾಗಿ ಅಲ್ಲ, ಮನುಷ್ಯನಾಗಿ ನೋಡಿಕೊಳ್ಳುತ್ತೇನೆ, ಆದರೆ ಒಂದು ಷರತ್ತು ಎಂದಳು. ಅವನು ಎಲ್ಲೆಲ್ಲಿ ಸೈಕಲ್ ತುಳಿದರೂ ಹಿಂದೆ ತಾನು ಸ್ಕೂಟರಿನಲ್ಲಿ ಬರುವವಳು. ತಾನು ಕೊಟ್ಟದ್ದನ್ನೇ ತಿನ್ನಬೇಕು, ತಾನು ಕೊಟ್ಟದ್ದನ್ನೇ ಕುಡಿಯಬೇಕು.

ಹಾಗೆ ಮೇ ತಿಂಗಳ ಭಾನುವಾರಗಳು ಶುರುವಾದವು. ಬೆಳಕು ಹರಿಯುತ್ತಲೇ ಹೊಳೆನರಸೀಪುರದಲ್ಲಿ ಹೇಮಾವತಿಗೆ ಇಳಿದು ಅವನು ಈಜುತ್ತಿದ್ದ. ದಡದಲ್ಲಿ ಅವಳು ತೂಕದ ಯಂತ್ರ ಇಟ್ಟುಕೊಂಡು ಕಾಯುತ್ತಿದ್ದಳು. ಹೊರಡುವಾಗ ಒಮ್ಮೆ ತೂಕ, ವಾಪಸ್ ಬಂದಾಗ ಒಮ್ಮೆ. ಎಷ್ಟು ಬೆವರು ಹೋಯಿತು, ಎಷ್ಟು ನೀರು ಒಳಗೆ ಹೋಯಿತು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದಳು, ಈ ಸಲ ದಪ್ಪ ಕನ್ನಡ ಅಕ್ಷರಗಳಲ್ಲಿ. ಅರಕಲಗೂಡಿನ ಬಸ್ ಸ್ಟ್ಯಾಂಡಿನ ಎದುರು ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ. ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಬಾಳೆಹಣ್ಣು, ಬೆಲ್ಲ ಹಾಕಿದ ರಾಗಿ ಅಂಬಲಿ, ಅಳೆದು ಬೆರೆಸಿದ ಉಪ್ಪಿನ ನೀರು. ಓಟಗಾರರಿಗೆಂದೇ ಪ್ಯಾಕೆಟ್ಟಿನಲ್ಲಿ ಬರುವ ಸಿಹಿ ಜೆಲ್ ಅವನ ಹೊಟ್ಟೆಗೆ ಆಗುತ್ತಿರಲಿಲ್ಲ. ಸ್ಪರ್ಧೆಯ ದಿನ ಹೊಸದೇನನ್ನೂ ತಿನ್ನಬಾರದು, ಹೊಟ್ಟೆಯನ್ನೂ ಕಾಲಿನ ಹಾಗೇ ಪಳಗಿಸಬೇಕು ಎಂದು ಅವಳು ಹೇಳಿಕೊಟ್ಟಳು.

ಅವಳು ಹೇಳಿದ್ದನ್ನೆಲ್ಲ ಅವನು ಮಾಡುತ್ತಿದ್ದ. ನಗುತ್ತಿರಲಿಲ್ಲ. ಪೆಡಲ್ ತುಳಿಯುವುದೂ ಯಾರನ್ನೋ ಒದೆಯುವಂತಿತ್ತು. ಒಮ್ಮೆ ರಾಮನಾಥಪುರದ ಮೆಟ್ಟಿಲ ಮೇಲೆ ಅವಳು ಕೊಟ್ಟ ಆಲೂಗಡ್ಡೆಯನ್ನು ಕೈಯಲ್ಲೇ ಹಿಡಿದು ಕೂತ.

"ನೀವು ತಿಂದ್ರಾ?" ಕೇಳಿದ.

ಏಪ್ರಿಲ್‌ನಿಂದ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿಗೆಲ್ಲ ಊಟ ಹೇಳುವವಳ ಕುಪ್ಪಸ ಸಡಿಲವಾಗಿದೆ ಎಂದು ಅಮ್ಮ ಅಳುತ್ತಿದ್ದರು. ಅದನ್ನು ಯಾರೂ ಹೊರಗಿನವರು ಗಮನಿಸಿರಲಿಲ್ಲ… ಇವನೊಬ್ಬನನ್ನು ಬಿಟ್ಟು.

ಅವನು ಆಲೂಗಡ್ಡೆಯನ್ನು ಎರಡು ಭಾಗ ಮಾಡಿದ. "ನೀವು ತಿಂದ್ಮೇಲೆ ನಾನು."

ಅವಳು ತಿಂದಳು. ಎರಡು ತಿಂಗಳಲ್ಲಿ ಮೊದಲ ಬಾರಿ ರುಚಿ ಗೊತ್ತಾಯಿತು. ನೀರಿನ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿದಾಗ ಅವನು ಹಾಸನದ ಈಜುಕೊಳಕ್ಕೆ ಬರತೊಡಗಿದ. ವಾರಕ್ಕೊಂದು ದಿನವಿದ್ದದ್ದು ಮೂರಾಯಿತು. ಅವನು ಮಾತಾಡುವುದು ಕಡಿಮೆ, ಆದರೆ ಅವಳು ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಅಡುಗೆಮನೆಯ ಮೆಟ್ಟಿಲು ಇಳಿಯುವಾಗ ಅವಳ ಎದೆಯ ಭಾರ ಸ್ವಲ್ಪ ಕಡಿಮೆಯಾಗಿರುತ್ತಿತ್ತು. ಸತ್ತವನ ಗೆಳೆಯನನ್ನು ಪ್ರೀತಿಸುತ್ತಿದ್ದೇನಾ ಎಂದು ತನ್ನನ್ನೇ ಕೇಳಿಕೊಂಡಳು. ಆ ಪ್ರಶ್ನೆಗೆ ನಾಚಿಕೆಯಾಯಿತು. ಉತ್ತರ ಮಾತ್ರ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ವಿಚಾರಣಾ ಸಮಿತಿಯವರು ದೂರಿನ ಪ್ರತಿಯನ್ನು ಅವಳಿಗೆ ಕೊಟ್ಟು ಉತ್ತರ ಬರೆಯಲು ಹೇಳಿದರು. ಎರಡನೇ ಪುಟದಲ್ಲಿ ಸಾಕ್ಷಿಯ ಹೇಳಿಕೆಯಿತ್ತು. ಆ ದಿನ ಅರುಣ್‌ಕುಮಾರ್ ಕುಡಿದದ್ದೆಲ್ಲ ಆಹಾರ ತಜ್ಞೆ ಬರೆದ ಚಾರ್ಟಿನಂತೆಯೇ ಕುಡಿದದ್ದು. ಕೆಳಗೆ ಸಹಿ.

ಆ ಸಹಿ ಅವಳಿಗೆ ಪರಿಚಿತ. ಪ್ರತಿ ಭಾನುವಾರ ತನ್ನ ಪುಸ್ತಕದಲ್ಲಿ, ತೂಕದ ಪಕ್ಕ, ಅವನೇ ಹಾಕುತ್ತಿದ್ದದ್ದು.

ಅಂದೇ ಮಧ್ಯಾಹ್ನ ರಜೆ ಹಾಕಿ ಹೊಳೆನರಸೀಪುರದ ಬಸ್ಸು ಹತ್ತಿದಳು. ಶಾಲೆಯ ಮೈದಾನದ ಅಂಚಿನಲ್ಲಿ ಅವನು ಸುಣ್ಣದ ಗೆರೆ ಎಳೆಯುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದಳು. ಓದುವ ಅಗತ್ಯವೇ ಅವನಿಗಿರಲಿಲ್ಲ.

"ಇದು ಸತ್ಯವಾ?"

"ಇಲ್ಲ."

ಆಮೇಲೆ ಅವನು ಎಲ್ಲವನ್ನೂ ಹೇಳಿದ, ನಿಂತಲ್ಲೇ. ಆ ದಿನ ಭಾರವಾಗುತ್ತೆ ಎಂದು ಉಪ್ಪಿನ ನೀರಿನ ಬಾಟಲಿಗಳನ್ನು ಮನೆಯಲ್ಲೇ ಬಿಡಿಸಿದ್ದು ಅವನೇ. ಅರುಣನಿಗೆ ತಲೆ ಭಾರ, ವಾಕರಿಕೆ ಅಂದಾಗ, ನೀರು ಸಾಲದೆ ಹೀಗಾಗಿದೆ ಎಂದು ದಾರಿಯ ಅಂಗಡಿಗಳಲ್ಲೆಲ್ಲ ಬರೀ ನೀರು ಕೊಂಡು ಕುಡಿಸಿದ್ದೂ ಅವನೇ. ಅರುಣ ಬೇಡ ಅಂದಿದ್ದ. ಚಾರ್ಟಿನಲ್ಲಿ ಇಷ್ಟು ನೀರು ಇಲ್ಲ ಕಣೋ ಅಂದಿದ್ದ. ಐಸಿಯು ಬಾಗಿಲಲ್ಲಿ ಅರುಣನ ಸೋದರಮಾವ ಕೊರಳಪಟ್ಟಿ ಹಿಡಿದು, ಯಾರು ಹೇಳಿದ್ದು ಇಷ್ಟು ಕುಡೀರಿ ಅಂತ ಎಂದು ಕೇಳಿದಾಗ, ಬಾಯಿಂದ ಒಂದೇ ಮಾತು ಬಂತು. ಚಾರ್ಟಲ್ಲಿ ಇದ್ದಂಗೇ. ಆ ಮಾತನ್ನೇ ಅವರು ಬರೆಸಿಕೊಂಡರು. ಅವನು ಸಹಿ ಹಾಕಿದ.

"ಅವನಿಗೆ ಅರ್ಥ ಆಗಿತ್ತಾ ಅಂತ ನಾನು ಕೇಳಿದೆ," ಎಂದಳು ನಿಸರ್ಗ. ಅವಳ ದನಿ ಏರಲಿಲ್ಲ. "ಐದು ತಿಂಗಳು… ನಾನೇ ಕೊಂದೆ ಅಂದ್ಕೊಂಡು ಬದುಕಿದೀನಿ. ನೀವು ನನ್ನ ಕೈಯಲ್ಲೇ ತಿಂತಾ ಇದ್ರಿ."

"ಹೇಳಕ್ಕೇ ಬಂದಿದ್ದೆ. ಆವತ್ತೂ… ಪ್ರತಿ ಸಲವೂ. ನಿಮ್ಮುನ್ನ ನೋಡಿದ್ರೆ ಆಗ್ತಿರ್ಲಿಲ್ಲ. ಹೇಳಿದ್ರೆ ನೀವು ಹೊರಟೋಗ್ತೀರಾ ಅಂತ."

"ಹಂಗಾದ್ರೆ ನನ್ನ ಹತ್ರ ಬಂದದ್ದು ಯಾಕೆ? ನನ್ನ ಬಾಯಿಂದ ಏನಾದ್ರೂ ತಪ್ಪು ಹೊರಡುತ್ತಾ ಅಂತ ನೋಡೋಕಾ?"

ಅವನು ಬೆಚ್ಚಿ ತಲೆಯೆತ್ತಿದ. ಅಲ್ಲ ಎನ್ನಲು ಬಾಯಿ ತೆರೆದ. ಅವಳು ಕಾಯಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಾಸನದವರೆಗೂ ಅತ್ತಳು. ಅವನು ಸುಳ್ಳು ಹೇಳಿದ್ದಕ್ಕಿಂತ, ಆ ಭಾನುವಾರಗಳೂ ಸುಳ್ಳೇ ಇರಬಹುದು ಎಂಬುದು ಹೆಚ್ಚು ನೋಯಿಸಿತು.

ಮೂರನೇ ದಿನ ಕೀರ್ತಿರಾಜ್ ಚನ್ನರಾಯಪಟ್ಟಣಕ್ಕೆ ಹೋದ. ಅರುಣನ ತಾಯಿ ಕಮಲಾಕ್ಷಮ್ಮನ ಎದುರು, ಸೋದರಮಾವನ ಎದುರು, ಜಗಲಿಯಲ್ಲಿ ನಿಂತು ನಡೆದದ್ದನ್ನು ಹೇಳಿದ. ಅದನ್ನೇ ಬರೆದು ಸಮಿತಿಗೆ ಕಳಿಸಿದ. ಡಿಸೆಂಬರಿನ ಸ್ಪರ್ಧೆಯಿಂದ ಹೆಸರು ವಾಪಸ್ ತೆಗೆದುಕೊಂಡ. ನಿಸರ್ಗಳಿಗೆ ಅವನೇನೂ ತಿಳಿಸಲಿಲ್ಲ. ವಿಚಾರಣೆ ಮುಗಿದಿದೆ, ನಿಮ್ಮ ತಪ್ಪಿಲ್ಲ ಎಂಬ ಪತ್ರ ನವೆಂಬರಿನಲ್ಲಿ ಬಂತು. ಅವಳು ಮೇಲಿನ ಕೋಣೆಗೆ ಮರಳಿದಳು. ಸಂತೋಷ ಮಾತ್ರ ಬರಲಿಲ್ಲ.

ಜನವರಿಯ ಒಂದು ಬೆಳಗ್ಗೆ ರೋಗಿಗಳ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಚೀಟಿಯಲ್ಲಿ ಕಮಲಾಕ್ಷಮ್ಮ, ಚನ್ನರಾಯಪಟ್ಟಣ ಎಂದಿತ್ತು. ನಿಸರ್ಗ ಎದ್ದು ನಿಂತಳು.

ಆಕೆ ಕುರ್ಚಿಯ ಅಂಚಿನಲ್ಲಿ ಕೂತರು. ನಿನ್ನ ಮೇಲೆ ದೂರು ಕೊಟ್ಟಿದ್ದು ತಪ್ಪಾಯಿತು ಅಂದರು. ನಿಸರ್ಗ ಬೇಡ ಬೇಡವೆಂದು ಕೈ ಹಿಡಿದಳು.

"ಆ ಕೀರ್ತಿ ವಾರವಾರ ಬತ್ತಾನೆ ಕಣವ್ವ," ಎಂದರು ಕಮಲಾಕ್ಷಮ್ಮ. "ನನ್ ತಮ್ಮ ಕೆನ್ನೆಗೆ ಒಡೆದು ಓಡಿಸ್ದ. ಆದ್ರೂ ಬತ್ತಾನೆ. ಜಗಲಿ ಮ್ಯಾಲೆ ಕುಂತು ಓಯ್ತಾನೆ. ನಾನು ಮಾತಾಡ್ಸಕಿಲ್ಲ."

"ನಂಗ್ಯಾಕೆ ಹೇಳ್ತೀರಮ್ಮ?"

"ಒಂದೇ ಒಂದಿನ ಕೇಳ್ದೆ. ನಿಜ ಒಪ್ಕಳಕೆ ಯಾಕ್ ಬಂದ್ಯಲಾ, ಯಾರೂ ಕೇಳಿರ್ನಿಲ್ಲವಲ್ಲ ಅಂತ. ಆ ಹುಡ್ಗಿ ಊಟ ಬಿಟ್ಟವ್ಳೆ ಕಣವ್ವ, ಅವ್ಳು ತಿನ್ನಂಗಾಗ್ಲಿ ಅಂತ ಬಂದೆ ಅಂದ." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವನ್ನ ಕ್ಷಮಿಸಿವ್ನಿ ಅಂದ್ಕೋಬ್ಯಾಡ. ನನ್ ಕೈಲಿ ಆಗಕಿಲ್ಲ. ಆದ್ರೆ ಈಗ ಅವನು ಊಟ ಬಿಟ್ಟವ್ನೆ. ಒಬ್ಬನ್ನ ಮಣ್ಣು ಮಾಡಿವ್ನಿ. ಇನ್ನೊಬ್ಬ ಕಣ್ಮುಂದೆ ಒಣಗದ ನೋಡಕ್ಕೆ ಶಕ್ತಿ ಇಲ್ಲ."

ಆಕೆ ಹೋದ ಮೇಲೆ ನಿಸರ್ಗ ಮುಂದಿನ ರೋಗಿಯನ್ನು ಕರೆಯಲು ಬಹಳ ಹೊತ್ತು ತೆಗೆದುಕೊಂಡಳು. ನನಗಾಗಿ ನಿಜ ಒಪ್ಪಿಕೊಂಡ, ನನ್ನನ್ನು ಒಂದು ಮಾತೂ ಕೇಳದೆ, ಒಂದು ಫೋನೂ ಮಾಡದೆ… ಹಾಗಾದರೆ ಆ ಭಾನುವಾರಗಳು ಸುಳ್ಳಲ್ಲ.

ಆ ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವಳು ಹೊಳೆನರಸೀಪುರಕ್ಕೆ ಹೋದಳು. ಮನೆಯಲ್ಲಿಲ್ಲ, ಹೊಳೆಯ ಕಡೆ ಹೋದರು ಎಂದರು ಪಕ್ಕದವರು. ಸೇತುವೆಯಾಚೆ, ಗದ್ದೆಯ ಬದುವಿನ ಮೇಲೆ ಅವನು ಕೂತಿದ್ದ. ಭತ್ತ ಕೊಯ್ದಾಗಿತ್ತು, ಕೂಳೆ ಮಾತ್ರ ಉಳಿದಿತ್ತು. ಅವನ ತೋಳುಗಳು ಸಣ್ಣಗಾಗಿದ್ದವು. ಅವಳನ್ನು ಕಂಡು ಎದ್ದ, ಎರಡು ಹೆಜ್ಜೆ ಹಿಂದೆ ಸರಿದ.

ಕಮಲಾಕ್ಷಮ್ಮ ಬಂದಿದ್ದರು ಎಂದು ಅವಳು ಹೇಳಿದಳು. ಅವನು ತಲೆ ತಗ್ಗಿಸಿದ. ನಿಮ್ಮ ಎದುರು ನಿಲ್ಲುವ ಯೋಗ್ಯತೆ ನನಗಿಲ್ಲ, ಅದಕ್ಕೇ ಬರಲಿಲ್ಲ ಎಂದ.

"ನಾನು ಮರೆತಿಲ್ಲ ಕೀರ್ತಿ. ಮರೆಯೋದೂ ಇಲ್ಲ," ಎಂದಳು. "ಕೋಪ ಇದೆ. ಈ ನಾಲ್ಕು ತಿಂಗಳು ಅದು ಹೋಗ್ಲಿ ಅಂತ ಕಾದೆ. ಹೋಗ್ಲಿಲ್ಲ. ನೀವು ಬೇಕು ಅನ್ನೋದೂ ಹೋಗ್ಲಿಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದ.

"ನಂಗೆ ನೀವಂದ್ರೆ…" ನಿಲ್ಲಿಸಿದ. ಮತ್ತೆ ಶುರು ಮಾಡಿದ. "ಪ್ರೀತಿ ಅನ್ನೋಕೂ ಭಯ ಆಯ್ತದೆ. ಅರುಣನೂ ನನ್ನ ನಂಬಿದ್ದ."

"ಗೊತ್ತು."

"ಮತ್ತೆ ಹೆಂಗೆ ನಂಬ್ತೀರಾ?"

"ಒಂದೇ ಸಲ ಆಗಲ್ಲ," ಎಂದಳು ನಿಸರ್ಗ. "ದಿನಾ ಸ್ವಲ್ಪ ಸ್ವಲ್ಪ."

ಅವನು ಮುಖ ಮುಚ್ಚಿಕೊಂಡು ಅತ್ತ. ಅರುಣ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು. ಅವಳು ಹತ್ತಿರ ಹೋಗಿ ಅವನ ಹಣೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಸೇತುವೆಯ ಮೇಲೆ ಬಸ್ಸೊಂದು ಹಾದುಹೋಯಿತು. ಯಾರು ನೋಡಿದರು ಎಂದು ಅವಳು ತಿರುಗಿ ನೋಡಲಿಲ್ಲ.

"ಬುಧವಾರ ಚನ್ನರಾಯಪಟ್ಟಣಕ್ಕೆ ಹೋಗ್ಬೇಕು," ಎಂದ ಅವನು, ಉಸಿರು ತಹಬಂದಿಗೆ ಬಂದ ಮೇಲೆ. "ಅರುಣನ ಅಮ್ಮ ಮಾತಾಡ್ಸಲ್ಲ. ಆದ್ರೂ ಹೋಯ್ತೀನಿ."

"ನಾನೂ ಬರ್ತೀನಿ."

"ಜಗಲೀಲಿ ಸುಮ್ನೆ ಕೂತ್ಕೋಬೇಕಾಯ್ತದೆ."

"ಕೂತ್ಕೊಳ್ಳೋಣ."