ಓಗೊಡದ ಸ್ವಾಮಿ

“ಮೇಲಿನ ಊರಲ್ಲಿ ಎಂಟು ಜನಕ್ಕೆ ವಾಂತಿಭೇದಿ. ಗುಡ್ಡ ಕುಸಿದು ಸೇತುವೆ ಹೋಗಿದೆ. ಇಪ್ಪತ್ತನಾಲ್ಕು ಸಲೈನ್ ಬಾಟಲಿ ಇವೆ, ತಲೆಗೆ ಮೂರು. ಮಧ್ಯಾಹ್ನದೊಳಗೆ ತಲುಪಿಸಿ,” ಎಂದರು ದೊಡ್ಡ ಸ್ವಾಮಿಗಳು, ಆಶ್ರಮದ ಉಗ್ರಾಣದಲ್ಲಿ ಹಿಟ್ಟಿನ ಮೂಟೆಯ ಮೇಲೆ ಕುಳಿತು. ಆಮೇಲೆ ಕಂಪೌಂಡರ್ ಸ್ವಾಮಿಯತ್ತ ತಿರುಗಿದರು. “ಅಲ್ಲಿ ನಿನಗೆ ಅಣ್ಣ ಅಂತ ಯಾರೂ ಇಲ್ಲ. ರೋಗಿಗಳಿದ್ದಾರೆ, ಅಷ್ಟೇ.”

“ಆಗಲಿ.”

ಕಂಪೌಂಡರ್ ಕೆಲಸ ಬಿಟ್ಟು ಸನ್ಯಾಸ ತಗೊಂಡು ಹದಿನಾರು ವರ್ಷ. ಬದುಕಿರುವಾಗಲೇ ತನ್ನ ಶ್ರಾದ್ಧ ತಾನೇ ಮಾಡಿಕೊಂಡು ಕಾವಿ ಉಟ್ಟವರು. ಮನೆಯವರು ಕರೆಯುತ್ತಿದ್ದ ‘ಗುಂಡ’ ಅನ್ನುವ ಹೆಸರೂ ಅಂದೇ ಸುಟ್ಟುಹೋಗಿತ್ತು. ಮೊದಮೊದಲು ಬೀದಿಯಲ್ಲಿ ಯಾರು ಯಾವ ಗುಂಡನನ್ನು ಕರೆದರೂ ಕತ್ತು ತಾನಾಗಿ ತಿರುಗುತ್ತಿತ್ತು. ‘ಅವನು ಸತ್ತಿದ್ದಾನೆ’ ಎಂದು ಒಳಗೊಳಗೇ ಹೇಳಿಕೊಂಡು ಕತ್ತನ್ನು ಪಳಗಿಸಿದ್ದರು. ಎಲ್ಲ ಬಿಟ್ಟವರಿಗೆ ಆ ಕತ್ತಿನ ಮೇಲೆ ಮಾತ್ರ ಸ್ವಲ್ಪ ಜಂಬವಿತ್ತು.

ಜೊತೆಗೆ ಹೊರಟವರು ಇಬ್ಬರು. ನರ್ಸಮ್ಮ ಒಬ್ಬರು, ಇನ್ನೊಬ್ಬ ಕಲ್ಲುಗಣಿಯಲ್ಲಿ ಆಳುಗಳನ್ನು ಕೆಳಗಿಳಿಸುತ್ತಿದ್ದ ಹಗ್ಗದಣ್ಣ. ಅವನ ಸೊಂಟದಲ್ಲಿ ಹಗ್ಗ, ಗಂಟಲಲ್ಲಿ ಊರವರೆಲ್ಲರ ದನಿ. ಗೇಟು ದಾಟುವ ಮೊದಲೇ ದೊಡ್ಡ ಸ್ವಾಮಿಗಳ ಮೂಗುದನಿ ತೆಗೆದ: “ಹಗ್ಗವೂ ಮಾಯೆ. ಆದರೆ ಗಂಟು ಗಟ್ಟಿಯಿರಲಿ!”

“ಇರಲೇಬೇಕು!” ಎಂದಿತು ಒಳಗಿನಿಂದ ಅಸಲಿ ಮೂಗು.

ನಗುತ್ತಲೇ ಹತ್ತಿದರು. ಎರಡು ಗಂಟೆ ಹತ್ತಿದ ಮೇಲೆ ನಗು ನಿಂತಿತು. ಗುಡ್ಡದ ಒಂದು ಪಕ್ಕೆಯನ್ನೇ ಯಾರೋ ಕಿತ್ತು ಕಣಿವೆಗೆ ಎಸೆದಂತಿತ್ತು. ಬೇರು ಮೇಲಾದ ಮರಗಳು, ಅರ್ಧ ಹೂತ ಹಸು, ಮನೆಯೇ ಇಲ್ಲದ ಕಡೆ ನಿಂತ ಒಂದು ಬಾಗಿಲ ಚೌಕಟ್ಟು. ಇವುಗಳ ಆಚೆ ಇನ್ನೂ ಸಣ್ಣಗೆ ಜಾರುತ್ತಲೇ ಇದ್ದ ಜಲ್ಲಿಯ ಇಳಿಜಾರು. ಅದರ ಮೇಲ್ಗಡೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಶಾಲೆಯ ತಗಡಿನ ಸೂರು. ರೋಗಿಗಳು ಅಲ್ಲಿದ್ದರು.

ಹಗ್ಗದಣ್ಣ ಮೊದಲು ದಾಟಿದ. ಹಗ್ಗವನ್ನು ಸೊಂಟದ ಹಿಂದಿನಿಂದ ಬಳಸಿ ಕೈಯಲ್ಲಿ ಬಿಗಿಹಿಡಿದು, ಬಂಡೆಗೆ ಕಾಲು ಕೊಟ್ಟು ಕೂತ. ಬಾಟಲಿಯ ಚೀಲಗಳು ದಾಟಿದವು. ನರ್ಸಮ್ಮ ದಾಟಿದರು. ಕೊನೆಗೆ, ಹಗ್ಗದ ಈಚೆ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಸ್ವಾಮಿ.

ನಡುವೆ ಹಾಸುಗಲ್ಲೊಂದಿತ್ತು. ಗಟ್ಟಿ ಕಲ್ಲು. ಅದರ ಮೇಲೆ ಕಾಲಿಟ್ಟಾಗ ಶಾಲೆಯ ಕಡೆಯಿಂದ ದನಿ ಬಂತು.

“ಗುಂಡಾ! ನಿಲ್ಲೋ! ಗುಂಡಾ!”

ಅಣ್ಣನ ದನಿ. ಕೇಳಿಸಿತು. ‘ಅವನು ಸತ್ತಿದ್ದಾನೆ.’ ಕತ್ತು ತಿರುಗಲಿಲ್ಲ. ಹಾಸುಗಲ್ಲು ಬಿಟ್ಟು ಹೆಜ್ಜೆ ಮುಂದಿಟ್ಟರು.

ಜಲ್ಲಿ ಸರಿಯಿತು. ಹಗ್ಗ ಬಿಗಿಯಿತು. ಸ್ವಾಮಿ ನೇತಾಡಿದರು.

ಮೇಲಿಂದ ಬಂಡೆ ಬಿಡಿಸಿಕೊಂಡು ಉರುಳಿತು. ಹಗ್ಗದಣ್ಣ ಅದನ್ನು ನೋಡಿದ. ಕೈ ಬಿಟ್ಟು ಪಕ್ಕಕ್ಕೆ ಹಾರಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ. ಬಿಡಲಿಲ್ಲ.

ಸ್ವಾಮಿ ತೆವಳಿ ಬಂದು ತಲುಪುವ ಹೊತ್ತಿಗೆ ಅವನ ಎಡ ಮೊಣಕಾಲಿನ ಕೆಳಗೆ ಕಾಲು ಅಂತ ಹೇಳಿಕೊಳ್ಳುವಂಥದ್ದೇನೂ ಉಳಿದಿರಲಿಲ್ಲ. ನರ್ಸಮ್ಮ ತೊಡೆಗೆ ಪಟ್ಟಿ ಬಿಗಿದರು. ರೋಗ ತಗುಲದ ಊರವರು ಓಡಿಬಂದು ಅವನನ್ನು ಮೇಲಕ್ಕೆ ಹೊತ್ತರು.

ಶಾಲೆಯ ಕೋಣೆಯಲ್ಲಿ ಎಂಟು ಚಾಪೆ. ಈಗ ಒಂಬತ್ತು.

“ರಕ್ತ ಬಹಳ ಹೋಗಿದೆ. ಇವನಿಗೂ ಮೂರು ಬೇಕು,” ಎಂದರು ನರ್ಸಮ್ಮ. “ಒಬ್ಬರಿಗೆ ಇಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಾಕಿದ್ರೆ ಯಾರೂ ಉಳಿಯಲ್ಲ. ಯಾರನ್ನ ಬಿಡ್ಲಿ? ನೀವೇ ಹೇಳಿ.”

ಆಶ್ರಮದ ಸೇವೆಗೊಂದು ಕಟ್ಟಳೆಯಿತ್ತು: ಸೇವಕನ ಪೂರ್ವಾಶ್ರಮದ ನಂಟರು ಯಾವಾಗಲೂ ಸಾಲಿನ ಕೊನೆಗೆ. ಬರೆದವರು ಹಿಟ್ಟು, ಕಂಬಳಿ ಹಂಚುವುದನ್ನು ನೆನೆದು ಬರೆದಿದ್ದರು.

ಬಾಗಿಲ ಬಳಿಯ ಚಾಪೆಯ ಮೇಲೆ ಅಣ್ಣ. ಅಂಗಳದವರೆಗೆ ತೆವಳಿ ಕೂಗಿ, ಮತ್ತೆ ತೆವಳಿ ಬಂದು ಬಿದ್ದಿದ್ದ. ಕಣ್ಣು ಗುಳಿಬಿದ್ದಿದ್ದವು.

ಸ್ವಾಮಿ ಅವನತ್ತ ಬೆರಳು ತೋರಿಸಿದರು.

ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಚಮಚದಲ್ಲಿ ತಾವೇ ಕುಡಿಸತೊಡಗಿದರು. ಒಂದು ಚಮಚ ಒಳಗೆ ಹೋದರೆ ಎರಡು ಹೊರಗೆ ಬರುತ್ತಿತ್ತು.

“ಮೇಲಿನ ಬಂಡೆ ಬಿರುಕು ಬಿಡ್ತಿತ್ತು ಕಣೋ,” ಎಂದ ಅಣ್ಣ. “ಅದಕ್ಕೇ ಕೂಗಿದೆ. ಕೇಳಿಸಲಿಲ್ವಾ?”

ಸುಳ್ಳು ಹೇಳುವುದು ಸುಲಭವಿತ್ತು.

“ಕೇಳಿಸ್ತು.”

“ಮತ್ತೆ?”

ಸ್ವಾಮಿ ಚಮಚ ತುಂಬಿದರು. ಅಣ್ಣ ತುಟಿ ತೆರೆಯಲಿಲ್ಲ. ಸೂರ್ಯ ಮುಳುಗುವ ಮೊದಲು ತೀರಿಕೊಂಡ. ಚಾಪೆಯ ಪಕ್ಕ ಕೂತಿದ್ದ ಅತ್ತಿಗೆ ಅಳಲಿಲ್ಲ, ಸ್ವಾಮಿಯ ಕೈಯಿಂದ ಚಮಚ ಕಿತ್ತುಕೊಂಡು ಹೋಗಿ ತೊಳೆದಿಟ್ಟಳು.

ಮೂರನೆಯ ದಿನ ಏಳು ಜನ ಎದ್ದು ಕೂತರು. ಹೊಸ ಹಗ್ಗ ಕಟ್ಟಿದ ಮೇಲೆ ಡೋಲಿಯಲ್ಲಿ ಹಗ್ಗದಣ್ಣನನ್ನು ಇಳಿಸಿದರು. ಮುಂದಿನ ತುದಿ ಹೊತ್ತವರು ಸ್ವಾಮಿ, ಅವನ ಕಾಲು ಕುಲುಕದಂತೆ ಕಣ್ಣಿಟ್ಟು ಹಿಮ್ಮುಖವಾಗಿ ನಡೆಯುತ್ತಾ. ದಾರಿಯುದ್ದಕ್ಕೂ ಹಗ್ಗದಣ್ಣ ಯಾರ ದನಿಯನ್ನೂ ತೆಗೆಯಲಿಲ್ಲ, ತನ್ನದನ್ನೂ.

ಆಶ್ರಮದ ಬಾಗಿಲಲ್ಲಿ ದೊಡ್ಡ ಸ್ವಾಮಿಗಳು ನಿಂತಿದ್ದರು. “ಎಷ್ಟು ಜನ?”

“ಎಂಟರಲ್ಲಿ ಏಳು. ಇವನು ಬೇರೆ.”

ಬೆನ್ನ ಹಿಂದೆ ಪಾಚಿಗಟ್ಟಿದ ಮೆಟ್ಟಿಲು. ಸ್ವಾಮಿಗೆ ಕಾಣುತ್ತಿರಲಿಲ್ಲ.

“ಗುಂಡಾ! ನಿಲ್ಲೋ!”

ಅಣ್ಣನ ದನಿ. ಅದೇ ಏರು, ಅದೇ ಬಿರುಕು. ಡೋಲಿಯೊಳಗಿಂದ.

ಸ್ವಾಮಿಯ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಎಲ್ಲರೂ ನೋಡುತ್ತಿದ್ದರು, ದೊಡ್ಡ ಸ್ವಾಮಿಗಳೂ.

“ಓ,” ಎಂದರು ಕಂಪೌಂಡರ್ ಸ್ವಾಮಿ.

“ಮೆಟ್ಟಿಲಿದೆ,” ಎಂದ ಹಗ್ಗದಣ್ಣ, ತನ್ನದೇ ದನಿಯಲ್ಲಿ. “ನೋಡ್ಕೊಂಡು ಇಡಿ ಕಾಲು. ನಿಮಗೆ ಇನ್ನೂ ಎರಡಿವೆ.”