ಕಲ್ಲಿನಂತಿದ್ದ ಬಂಗುಡೆ

ನರಸಾಪುರದ ಕಂಪನಿ ಬಸ್ಸಿನಲ್ಲಿ ಮೊದಲು ಮೌನಿಕಾ ಎಂಬ ಹುಡುಗಿಯ ಮುಖ ಕೆಂಪೇರಿತು. ಆಮೇಲೆ ಹಿಂದಿನ ಸೀಟಿನವರದು. ಮೈತುರಿಕೆ, ತಲೆಸಿಡಿತ, ವಾಂತಿ! ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದ ಬಸ್ಸು ಆಸ್ಪತ್ರೆಗೆ ತಿರುಗಿತು. ಹುಷಾರು ತಪ್ಪಿದವರೆಲ್ಲ ತಿಂದದ್ದು ಒಂದೇ— ಕಂಪನಿ ಗೇಟಿನೆದುರು ಅಂಗಡಿ ಇಟ್ಟಿದ್ದ ಸುಗ್ರಾ ಹುರಿದುಕೊಟ್ಟ ಬಂಗುಡೆ ಮೀನು.

ನಾವು ಹೋಗುವಷ್ಟರಲ್ಲಿ ಪೊಲೀಸರು ಅಂಗಡಿಗೆ ಬೀಗ ಹಾಕಿದ್ದರು. ನಾವೆಂದರೆ, ಮೀನು ಕೆಡುವ ಬಗೆಯನ್ನೇ ಸಂಶೋಧಿಸುವ ಗಂಗಾಲಕ್ಷ್ಮಿ ಮೇಡಂ ಮತ್ತು ಅವರ ಸಹಾಯಕನಾದ ನಾನು, ಕದಿರೇಶ್. ಮೀನಿನ ವಾಸನೆಗೇ ಹೊಟ್ಟೆ ತೊಳಸುವ ನನಗೆ ದೇವರು ಈ ಕೆಲಸ ಯಾಕೆ ಕೊಟ್ಟನೋ!

"ಹೆಣಕ್ಕೆ ಹಾಕೋ ಫಾರ್ಮಾಲಿನ್ ಹಾಕ್ತಾಳಂತೆ ಕಣ್ರೋ," ಎಂದು ಗುಂಪು ಪಿಸುಗುಟ್ಟುತ್ತಿತ್ತು. ಸುಗ್ರಾ ಬೀಗದ ಕೆಳಗೆ ಕೂತು ಅಳುತ್ತಿದ್ದರು.

"ಇನ್ನು ನನ್ನ ಕೈಯಡುಗೆ ಯಾರು ತಿಂತಾರೆ ಮೇಡಂ? ವಿಷ ಹಾಕಿದ್ಲು ಅಂತವ್ರೆ!"

"ಮೀನು ಎಲ್ಲಿಂದ ಬಂತಮ್ಮ?"

"ಶ್ರೀನಿವಾಸಪುರದ ಕೋಲ್ಡ್ ಸ್ಟೋರೇಜಿಂದ. ನಮ್ಮಕ್ಕನ ಮಗ ಶಾರುಖ್ ವ್ಯಾನಲ್ಲಿ ತರ್ತಾನೆ. ಮುಟ್ಟಿ ನೋಡ್ದೆ, ಕಲ್ಲಿದ್ದಂಗಿತ್ತು. ಗಟ್ಟಿಯಿದ್ರೆ ಮೀನು ಚೆನ್ನಾಗಿದೆ ಅಂತ ಅರ್ಥ ಅಲ್ವಾ?"

"ನಿಮ್ಮ ಹತ್ರ ಫ್ರೀಜರ್ ಇದೆಯಾ?"

"ಎಲ್ಲಿಂದ ಬರ್ಬೇಕು? ಐಸ್ ಸುರಿದು ಇಡ್ತೀನಿ, ಅಷ್ಟೆ."

ನನಗಂತೂ ಆಕೆಯ ಅಳುವಿನ ಮೇಲೇ ಅನುಮಾನ. ಶಾರುಖನನ್ನು ಕಂಡಮೇಲೆ ಅದು ಅವನ ಮೇಲೆ ಹಾರಿತು. ಪುಣ್ಯಾತ್ಮ ಮುಖ ಎತ್ತಿ ಮಾತಾಡಲೊಲ್ಲ!

"ದಾರೀಲಿ ಎಲ್ಲಿ ನಿಲ್ಲಿಸಿದ್ದೆ?" ಎಂದು ಗದರಿದೆ.

"ಟೀ ಕುಡಿಯೋಕೆ ಸಾರ್. ಅಲ್ಲಾ ಕಸಮ್, ಬಾಗಿಲೇ ತೆಗೀಲಿಲ್ಲ."

ಬೀಗ ತೆಗೆಸಿ, ಅಂಗಡಿಯಲ್ಲಿ ಒಡೆಯದೆ ಉಳಿದಿದ್ದ ಒಂದು ಪೆಟ್ಟಿಗೆಯನ್ನು ಹಾಗೇ ನಮ್ಮ ಗಾಡಿಯ ಫ್ರೀಜರಿನಲ್ಲಿಟ್ಟು ಲ್ಯಾಬಿಗೆ ಒಯ್ದೆವು. ಫಾರ್ಮಾಲಿನ್? ಇಲ್ಲವೇ ಇಲ್ಲ! ಹಿಸ್ಟಮಿನ್ ಮಾತ್ರ ಮಿತಿ ಮೀರಿತ್ತು. ಬಂಗುಡೆ ಬೆಚ್ಚಗಾದರೆ ಅದರ ಮಾಂಸದಲ್ಲೇ ಹುಟ್ಟುವ ವಿಷವದು. ಒಮ್ಮೆ ಹುಟ್ಟಿತೋ, ಎಣ್ಣೆಯಲ್ಲಿ ಹುರಿದರೂ ಹೋಗದು.

ಮೇಡಂ ಪೆಟ್ಟಿಗೆಯ ತಳಕ್ಕೆ ಟಾರ್ಚ್ ಬಿಟ್ಟರು.

"ಏನು ಕಾಣ್ತಿದೆ ಕದಿರೇಶ್?"

"ಕೆಂಪು ಐಸು. ಒಂದೆರಡು ಹುಲ್ಲುಕಡ್ಡಿ. ಕಸ ಮೇಡಂ."

"ಗಾಡಿ ತೆಗಿ. ಶ್ರೀನಿವಾಸಪುರಕ್ಕೆ ಹೋಗೋಣ."

ಮಾವಿನ ಸುಗ್ಗಿ. ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ವೆಂಕಟ್ ಹಲ್ಲು ಕಿರಿಯುತ್ತ ಬಂದ.

"ಆ ಹೆಂಗಸಿನ ಮೇಲೆ ನಂಗೆ ಮೊದ್ಲಿಂದ ಡೌಟೇ ಮೇಡಂ. ನಮ್ಮ ಮೀನು ಫ್ರೀಜರ್ ಬಿಟ್ಟು ಕದಲಲ್ಲ."

ಫ್ರೀಜರಿನ ಬಾಗಿಲು ತೆರೆಸಿದೆವು. ಒಳಗೆಲ್ಲ ಮಾವಿನ ರಸದ ಡ್ರಮ್ಮುಗಳು! ಮೀನಿನ ಪೆಟ್ಟಿಗೆಗಳು ಹೊಸ್ತಿಲ ಬಳಿ ಮುದುರಿಕೊಂಡಿದ್ದವು. ಪಕ್ಕದ ಕೋಣೆಯಲ್ಲಿ ಮಾವು ಮಾಗಿಸಲು ನೆಲದ ತುಂಬ ಭತ್ತದ ಹುಲ್ಲು ಹಾಸಿದ್ದರು. ಕಾಲಿಟ್ಟರೆ ಸೆಕೆ.

"ಕದಿರೇಶ್, ಆ ಕಡ್ಡಿ ಎಲ್ಲಿತ್ತು? ಐಸಿನ ಮೇಲೋ, ಒಳಗೋ?"

"ಒಳಗೆ…" ಎಂದು ಬಗ್ಗಿ ನೆಲದ ಹುಲ್ಲನ್ನು ನೋಡಿದೆ.

"ಮೀನು ಕರಗಿ ರಕ್ತದ ನೀರು ತಳಕ್ಕಿಳಿದಿದೆ. ಆಗ ಬಿದ್ದ ಹುಲ್ಲು ಆ ನೀರಿನ ಜೊತೆಗೇ ಮತ್ತೆ ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿಸೋಕೆ ಸುಗ್ರಾ ಹತ್ರ ಫ್ರೀಜರ್ ಇಲ್ಲ. ಶಾರುಖ್ ವ್ಯಾನಿಗೆ ಅಷ್ಟು ಕಸುವಿಲ್ಲ, ಮೇಲಾಗಿ ಅದರಲ್ಲಿ ಹುಲ್ಲೆಲ್ಲಿದೆ? ಎರಡೂ ಇರೋದು ಇಲ್ಲಿ. ರಸಕ್ಕೆ ಜಾಗ ಮಾಡೋಕೆ ಮೀನನ್ನ ಈ ಸೆಕೆಯಲ್ಲಿ ಇಟ್ಟೋರು ನೀವೇ ವೆಂಕಟ್."

"ಒಂದು ಹಗಲು ಮೇಡಂ, ಅಷ್ಟೇ…" ಅವನು ತೊದಲಿದ. "ಮತ್ತೆ ಒಳಗಿಟ್ಟೆ. ಕಲ್ಲಿನ ಥರ ಗಟ್ಟಿಯಾಯ್ತಲ್ಲ!"

"ಗಟ್ಟಿಯಾಯ್ತು. ವಿಷ ಒಳಗೇ ಉಳೀತು. ಗೊತ್ತಿದ್ದೂ ತಪ್ಪನ್ನ ಆ ಹೆಂಗಸಿನ ಮೇಲೆ ಹಾಕಿದ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕಪಾಳಕ್ಕೆ ಬಿಡುತ್ತಿದ್ದೆ, ಮೇಡಂ ಕೈ ಹಿಡಿದರು.

ಪೊಲೀಸರು ಮಹಜರಿಗೆಂದು ವೆಂಕಟನನ್ನು ನರಸಾಪುರಕ್ಕೆ ಕರೆತಂದ ದಿನ ಅಂಗಡಿಯ ಬೀಗವೂ ತೆರೆಯಿತು. ಸುಗ್ರಾ ಷಟರ್ ಎತ್ತಲಿಲ್ಲ.

"ಬೀಗ ನೀವು ತೆಗೆದ್ರಿ. ನನ್ನ ಹೆಸರಿಗೆ ಅಂಟಿದ್ದನ್ನ ಯಾರು ತೆಗೀತಾರೆ? ಇವ್ನೇ ಹೇಳ್ಲಿ, ಎಲ್ರೆದುರು."

ಶಿಫ್ಟ್ ಬಿಟ್ಟಿತ್ತು. ವೆಂಕಟ್ ತಲೆ ತಗ್ಗಿಸಿ ಗೊಣಗಿದ.

"ಕೇಳಿಸ್ತಿಲ್ಲ!" ಎಂದು ಬಸ್ಸಿನ ಕಿಟಕಿಯಿಂದ ಮೌನಿಕಾ ಕೂಗಿದಳು.

"ತಪ್ಪು ನಂದು! ಆಯಮ್ಮಂದು ಏನೂ ಇಲ್ಲ!" ಈ ಸಲ ಇಡೀ ರಸ್ತೆಗೆ ಕೇಳಿಸಿತು.

ಮೌನಿಕಾ ಬಸ್ಸಿಳಿದು ನೇರ ಅಂಗಡಿಗೆ ಬಂದಳು. "ಆಂಟಿ, ಹೊಟ್ಟೆ ಹಸೀತಿದೆ. ಏನಾದ್ರೂ ಮಾಡ್ಕೊಡಿ," ಎಂದಳು.

ಸುಗ್ರಾ ಸೆರಗಿನಿಂದ ಕಣ್ಣೊರೆಸಿಕೊಂಡು ಷಟರ್ ಎತ್ತಿದರು.