ಕೋಟಿನೊಳಗಿನ ಕೆಂಪು ತೆನೆ

"ತೆನೆ ಸುಲಿಯೋಳು ಅದನ್ನ ಗುಲಾಬಿ ಥರ ಹಿಡ್ಕೋತಾಳಾ? ನೀವು ಜೋಳ ತಿಂದಿರಬಹುದು, ಸುಲಿದಿಲ್ಲ ಬಿಡಿ."

ಬಾಸ್ಟನ್ನಿನ ಚಿತ್ರಕಾರ ಈಬನ್ ಕುಂಚ ಹಿಡಿದೇ ತಿರುಗಿದ. ಹಾಲಿನ ಬಕೆಟ್ಟಿನೊಂದಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು ಟ್ಯಾಮ್ಸಿನ್, ಚಿತ್ರ ಬರೆಯಲು ಅವನಿಗೆ ಆ ಕೊಟ್ಟಿಗೆ ಬಿಟ್ಟುಕೊಟ್ಟ ಮನೆಯ ಮಗಳು.

"ಹಾಗಾದ್ರೆ ನೀವೇ ಹಿಡಿದು ತೋರಿಸಿ," ಅಂದ.

ತೋರಿಸಲು ಕೂತವಳು ಹತ್ತು ದಿನ ಕೂತಳು.

ಅವನು ಬಿಡಿಸುತ್ತಿದ್ದದ್ದು ಒಂದು ಕಾದಂಬರಿಯ ದೃಶ್ಯ. ಮುಸುಕಿನ ಜೋಳ ಸುಲಿಯುವ ಕೂಟದಲ್ಲಿ ಹುಡುಗನಿಗೆ ಅಪರೂಪದ ಕೆಂಪು ತೆನೆ ಸಿಗುತ್ತದೆ, ಹುಡುಗಿ ನಾಚಿ ತಲೆ ತಗ್ಗಿಸುತ್ತಾಳೆ. ಕೆಂಪು ತೆನೆ ಸಿಕ್ಕವರು ಮೆಚ್ಚಿದವರಿಗೆ ಎಲ್ಲರೆದುರೇ ಮುತ್ತಿಡಬೇಕು. ಮ್ಯಾಸಚೂಸೆಟ್ಸಿನ ಆ ಹಳ್ಳಿಯಲ್ಲಿ ಅದು ತಾತನ ಕಾಲದ ರೂಢಿ.

ಟ್ಯಾಮ್ಸಿನ್‌ಗೆ ತಲೆ ತಗ್ಗಿಸುವುದು ಬರುತ್ತಿರಲಿಲ್ಲ. ಮನಸ್ಸು ಕೊಡುವುದು ಮಾತ್ರ ಬಂತು... ಹೇಳದೆ ಕೇಳದೆ.

ಶನಿವಾರ ಊರಿನ ನಿಜವಾದ ಕೂಟ. ಈಬನ್ ಒಂದು ತೆನೆಯ ಸಿಪ್ಪೆ ಎಳೆದ. ಒಳಗೆ ಕೆಂಪು! ಅದನ್ನು ಕಂಡದ್ದು ಎದುರಿಗೆ ಕೂತ ಟ್ಯಾಮ್ಸಿನ್ ಒಬ್ಬಳೇ. ಅವನು ಎದ್ದು ಬರುತ್ತಾನೆಂದು ಕಾದಳು.

ಅವನು ಅತ್ತಿತ್ತ ನೋಡಿ, ತೆನೆಯನ್ನು ಕೋಟಿನೊಳಗೆ ಸೇರಿಸಿಬಿಟ್ಟ.

ಬಚ್ಚಿಟ್ಟರೆ ಅರ್ಥ ಒಂದೇ: ಇಲ್ಲಿ ನನಗೆ ಬೇಕಾದವರು ಯಾರೂ ಇಲ್ಲ.

'ಬಾಸ್ಟನ್ನಿನಲ್ಲಿ ಯಾವಳೋ ಇದ್ದಾಳೆ...' ಎರಡು ದಿನ ಅವಳು ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. ಮೂರನೆಯ ಬೆಳಿಗ್ಗೆ, ಅವನು ಮಧ್ಯಾಹ್ನದ ಸಾರೋಟಿಗೆ ಹೊರಡುತ್ತಾನೆಂದು ಗೊತ್ತಾಯಿತು. ಅತ್ತುಕೊಂಡು ಕೂರುವ ಜಾಯಮಾನ ಅವಳದಲ್ಲ. ಸೀದಾ ಹೋಗಿ ಎದುರು ನಿಂತಳು.

"ತೆನೆ ಯಾಕೆ ಬಚ್ಚಿಟ್ರಿ?"

ಈಬನ್ ಬೆಚ್ಚಿದ. "ಊರೋರ ಮುಂದೆ, ನಿಮ್ಮನ್ನ ಒಂದು ಮಾತೂ ಕೇಳದೆ... ಸರಿ ಕಾಣ್ಲಿಲ್ಲ. ಆಮೇಲೆ ಕೇಳೋಣ ಅಂತಿದ್ದೆ, ನೀವು ಬರೋದೇ ಬಿಟ್ರಿ."

"ಬಚ್ಚಿಟ್ರೆ ಇಲ್ಲಿ ಯಾರೂ ಬೇಡ ಅಂತ ಅರ್ಥ, ಮಾರಾಯ್ರೇ."

"ಅಯ್ಯೋ... ಕಾದಂಬರೀಲಿ ಅದನ್ನ ಬರೆದೇ ಇಲ್ವಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. ಆಗಲೇ ಚಿತ್ರ ಕಣ್ಣಿಗೆ ಬಿತ್ತು. ಅದರಲ್ಲಿನ ಹುಡುಗಿ ತಲೆ ತಗ್ಗಿಸಿರಲಿಲ್ಲ. ಥೇಟ್ ಟ್ಯಾಮ್ಸಿನ್ ಹಾಗೆ ನೇರ ನೋಡುತ್ತಿದ್ದಳು. ಹುಡುಗನ ಮುಖದ ಜಾಗ ಮಾತ್ರ ಖಾಲಿ.

ಬಣ್ಣಗಳ ಪಕ್ಕದಲ್ಲಿದ್ದ ಕೆಂಪು ತೆನೆಯನ್ನು ಅವಳು ಎತ್ತಿಕೊಂಡಳು.

"ಈಗ ಇದು ನನ್ನ ಕೈಲಿದೆ," ಎಂದು ಅವನ ಕೆನ್ನೆಗೆ ಮುತ್ತಿಟ್ಟಳು.

ನಾಚಿ ತಲೆ ತಗ್ಗಿಸಿದವನು ಈಬನ್.

"ಆ ಖಾಲಿ ಮುಖಕ್ಕೆ ಯಾರನ್ನ ಕೂರಿಸ್ತೀರಿ?"

"ಕನ್ನಡಿ ಸಿಕ್ಕಿದ್ರೆ... ನಾನೇ ಕೂರ್ತೀನಿ."

"ನಮ್ಮನೇಲಿದೆ. ಅಪ್ಪನ ಹತ್ರ ಮಾತಾಡೋಕೆ ಬಂದಾಗ ತಗೊಂಡ್ಹೋಗಿ."